ಗೆರೆ ಕಾಣದ ಫೋಟೋ

"ಇದೇನ್ರೀ, ನನ್ನ ಸೈಕಲ್‌ನ ಗೋಡೆಗೆ ಒರಗಿಸಿ ಫೋಟೋ ತೆಗೆದಿದ್ದೀರಾ?"

ಯೇಸಿದ್ ನೂಬಿಯಾಳೊಂದಿಗೆ ಆಡಿದ ಮೊದಲ ಮಾತೇ ಇದು. ರೇಸ್ ಮುಗಿಸಿ ಬೆವರೂ ಒರೆಸಿಕೊಳ್ಳದೆ ಅವಳ ಕ್ಯಾಮೆರಾದ ಪುಟ್ಟ ಪರದೆಗೆ ತಲೆ ತೂರಿಸಿ ನಿಂತಿದ್ದ. ಬೊಯಾಕಾ ಸೀಮೆಯ ಬೆಟ್ಟದ ಬಿಸಿಲಿಗೆ ಸುಟ್ಟು ಕೆಂಪಾದ ಕೆನ್ನೆ, ಹುಬ್ಬಿನ ತುಂಬ ಧೂಳು. ವರ್ಷಗಳಿಂದ ಪತ್ರಿಕೆಗೆ ಸೈಕಲ್ ರೇಸಿನ ಫೋಟೋ ಕೊಡುತ್ತಿದ್ದ ನೂಬಿಯಾಳಿಗೆ ಮೈಯೆಲ್ಲ ಉರಿದುಹೋಯಿತು.

"ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು ಹೊತ್ತಲ್ಲಿ ತೆಗೆದದ್ದು. ಚಕ್ರದ ಕಡ್ಡಿ ಒಂದೊಂದೂ ಎಣಿಸಬಹುದು, ನೋಡಿ."

"ಕಡ್ಡಿ ಎಣಿಸೋಕೆ ಸೈಕಲ್ ಶಾಪಿಗೆ ಹೋದ್ರೆ ಸಾಲ್ದಾ? ಜೀವ ಬಾಯಿಗೆ ಬರೋ ಹಂಗೆ ತುಳಿದಿದ್ದೀನಿ. ಆ ಸ್ಪೀಡ್ ಎಲ್ಲಿ ಇದ್ರಲ್ಲಿ?"

"ಇದ್ದಿದ್ರೆ ಬಂದಿರೋದು. ಏಳನೇ ಜಾಗದವರಿಗೆ ಇಷ್ಟೇ."

ಅವನು ಗಹಗಹಿಸಿ ನಕ್ಕ. ಬೈಸಿಕೊಂಡು ಇಷ್ಟು ಖುಷಿಯಾಗಿ ನಗುವ ಗಂಡಸನ್ನು ನೂಬಿಯಾ ಅದುವರೆಗೆ ನೋಡಿರಲಿಲ್ಲ. ಅಲ್ಲಿಗೆ ಅವಳ ಕಥೆ ಮುಗಿಯಿತೆಂದೇ ಹೇಳಬೇಕು.

ಹೆಂಡತಿಯನ್ನೂ ನಾಯಿಯನ್ನೂ 'ನೀವು' ಎಂದೇ ಮಾತಾಡಿಸುವ ಸೀಮೆ ಅದು. ಹಾಗಾಗಿ ಪ್ರೀತಿ ಹುಟ್ಟಿದ ಮೇಲೂ ಅವರ 'ನೀವು' ಬದಲಾಗಲಿಲ್ಲ, ಹೇಳುವ ದನಿ ಮಾತ್ರ ಮೆತ್ತಗಾಯಿತು. ಪ್ರತಿ ಭಾನುವಾರ ಅವಳು ಮುಕ್ತಾಯದ ಗೆರೆಯ ಪಕ್ಕ ಮೊಣಕಾಲೂರಿ ಕೂರುತ್ತಿದ್ದಳು. ಉಳಿದವರೆಲ್ಲ ತಲೆ ತಗ್ಗಿಸಿ, ಹ್ಯಾಂಡಲನ್ನು ಮುಂದಕ್ಕೆ ನೂಕಿ ಗೆರೆ ದಾಟಿದರೆ, ಈ ಮಹಾರಾಯ ಗೆರೆಗೆ ಒಂದು ಮಾರು ಇರುವಾಗ ಎಡಹುಬ್ಬು ಎತ್ತಿ, ತುಟಿಯ ಒಂದು ಕೊನೆಯಲ್ಲಿ ನಕ್ಕು, ಅವಳ ಲೆನ್ಸಿನೊಳಗೇ ನೋಡಿಬಿಡುತ್ತಿದ್ದ.

"ಗೆರೆ ನೋಡ್ರೀ, ನನ್ನನ್ನಲ್ಲ," ಎಂದು ಗದರುತ್ತಿದ್ದಳು. ಅವನು ನೋಡದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ರೇಸಿನ ನಂತರ ಚೌಕದ ಅಂಗಡಿಯಲ್ಲಿ ಬಿಸಿ ಬೆಲ್ಲದ ನೀರಿಗೆ ಚೀಸ್ ತುಂಡು ಮುಳುಗಿಸಿ ತಿನ್ನುತ್ತ ಅವಳು ಅವನಿಗೆ ಬೆಳಕಿನ ಪಾಠ ಹೇಳುತ್ತಿದ್ದಳು.

"ಮುಖ ನೋಡಿ ಬೆಳಕು ಹೊಂದಿಸಿದ್ರೆ ಬಿಳಿ ಜೆರ್ಸಿ ಸುಟ್ಟೋಗುತ್ತೆ. ಜೆರ್ಸಿ ನೋಡಿ ಹೊಂದಿಸಿದ್ರೆ ಹೆಲ್ಮೆಟ್ ನೆರಳಲ್ಲಿ ಮುಖ ಕಪ್ಪಾಗುತ್ತೆ. ಯಾವುದಾದ್ರೂ ಒಂದನ್ನ ಬಿಡ್ಲೇಬೇಕು."

"ನನ್ನ ವಿಷಯದಲ್ಲಿ ಯಾವುದು ಬಿಡ್ತೀರಿ?"

"ಜೆರ್ಸಿ ಹಾಳಾಗಿ ಹೋಗ್ಲಿ ಅಂತೀನಿ."

ಅವನ ಕೆಂಪು ಕೆನ್ನೆ ಇನ್ನಷ್ಟು ಕೆಂಪಾಯಿತು. ಚೀಸ್ ತುಂಡನ್ನು ಲೋಟದಲ್ಲೇ ಕಳೆದುಕೊಂಡು ಚಮಚದಲ್ಲಿ ಹುಡುಕತೊಡಗಿದ.

"ಒಂದೇ ಒಂದು ಫೋಟೋ ಗಾಳಿ ಕಾಣೋ ಹಂಗೆ ತೆಗೀರಿ, ನೂಬಿಯಾ. ನಾನು ಹಾರ್ತಿರೋ ಹಂಗೆ."

"ತೆಗೀತೀನಿ. ಅದಕ್ಕೂ ಕಾಲ ಬರ್ಲಿ."

ಕಾಲ ಬಂತು, ಹಾಳಾದ್ದು.

ಆ ಸಲದ ಕೊನೆಯ ರೇಸಿಗೆ ಸ್ಪೇನಿನ ತಂಡವೊಂದರ ಮ್ಯಾನೇಜರ್ ಬರುತ್ತಾನೆ, ಗೆದ್ದ ಒಬ್ಬನನ್ನು ಮಾತ್ರ ಕರೆದೊಯ್ಯುತ್ತಾನೆ ಎಂದು ಸುದ್ದಿಯಾಯಿತು. ಯೇಸಿದ್‌ಗೆ ಆಗಲೇ ಇಪ್ಪತ್ತಾರು. ಮತ್ತೆ ಯಾರೂ ಅವನನ್ನು ಹುಡುಕಿಕೊಂಡು ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಗೆದ್ರೆ ಸ್ಪೇನ್. ಸೋತ್ರೆ ಮಾವನ ಆಲೂಗಡ್ಡೆ ಲಾರಿ," ಎಂದ.

"ಗೆದ್ರೆ ನಾನೇನು ಮಾಡ್ಲಿ?"

"ಕ್ಯಾಮೆರಾ ಹಾಕ್ಕೊಂಡು ಬನ್ನಿ. ಅಲ್ಲೂ ಬಿಸಿಲಿದೆ."

ಇದು ಬರೀ ಮಾತು. ಅವಳು ನಕ್ಕಳು. ಅವನು ಗೆಲ್ಲಲಿ ಎಂದು ಪ್ರಾರ್ಥಿಸಿದ್ದು ನಿಜ. ಪ್ರಾರ್ಥನೆ ಮುಗಿಸಿ ಶಿಲುಬೆಯ ಗುರುತು ಹಾಕಿಕೊಳ್ಳುವಾಗ ಕೈ ತಡೆದದ್ದೂ ಅಷ್ಟೇ ನಿಜ.

ರೇಸಿನ ಬೆಳಗ್ಗೆ ಮುದಿ ತೀರ್ಪುಗಾರ ದೋನ್ ಎವೆಲಿಯೊ ಅವಳನ್ನು ಕರೆದು, "ನನ್ನ ಕಣ್ಣು ಮೊದಲಿನ ಹಂಗಿಲ್ಲ ಮಗಳೇ. ಜಿದ್ದಾಜಿದ್ದಿ ಬಂದ್ರೆ ನಿಮ್ಮ ಫೋಟೋನೇ ನೋಡೋದು. ಗೆರೆ ಬಿಟ್ಟು ಅಲ್ಲಾಡಬೇಡಿ," ಎಂದಿದ್ದ.

ಅವಳು ಅಲ್ಲಾಡಲಿಲ್ಲ. ಎರಡು ಸಾವಿರಕ್ಕೆ ಹೊಂದಿಸಿ ಕಾದಳು. ಬಿಸಿಲು ಸುಡುತ್ತಿತ್ತು. ಕೊನೆಯ ತಿರುವಿನಲ್ಲಿ ಇಬ್ಬರು ಕಾಣಿಸಿಕೊಂಡರು. ಯೇಸಿದ್, ಅವನ ಹಿಂದೆ ಅಂಟಿಕೊಂಡು ಡೂಬರ್ ಎಂಬ ಇನ್ನೊಬ್ಬ ಸವಾರ. ಅದೇ ಹೊತ್ತಿಗೆ ಮೋಡ ಬಂದು ಸೂರ್ಯನನ್ನು ಮುಚ್ಚಿತು.

ಬೆಳಕು ಒಮ್ಮೆಲೇ ಇಳಿಯಿತು. ಇದ್ದ ಹಾಗೇ ಬಿಟ್ಟರೆ ಚಿತ್ರ ಕಪ್ಪು. ಕ್ಯಾಮೆರಾ ಬೆಳಕು ಹೀರುವ ಬಲವನ್ನು, ಐಎಸ್ಒ ಅನ್ನುವುದನ್ನು, ಏರಿಸಿದರೆ ತರಿತರಿಯಾದರೂ ಎಲ್ಲವೂ ಸ್ಪಷ್ಟ. ಬೆರಳು ಅದೇ ಗುಂಡಿಯ ಮೇಲಿತ್ತು. ಆದರೆ ಮೋಡದ ಆ ಬೆಳಕು ಎಷ್ಟು ಮೃದುವಾಗಿತ್ತೆಂದರೆ, ಹೆಲ್ಮೆಟ್ಟಿನ ನೆರಳು ಕರಗಿ ಅವನ ಮುಖ ಪೂರ್ತಿ ಕಾಣುತ್ತಿತ್ತು. ಬಹುಶಃ ಇದೇ ಕೊನೆಯ ಸಲ. ಗಾಳಿ ಕಾಣೋ ಹಂಗೆ, ಎಂದಿದ್ದನಲ್ಲ. ಅವಳ ಹೆಬ್ಬೆರಳು ಆ ಗುಂಡಿ ಬಿಟ್ಟು ಕ್ಯಾಮೆರಾದ ವೇಗದ ಚಕ್ರವನ್ನು ತಿರುಗಿಸಿತು. ಸೆಕೆಂಡಿನ ಮೂವತ್ತರಲ್ಲೊಂದು ಪಾಲು, ಗಾಳಿ ಕಾಣುವಷ್ಟು ನಿಧಾನ. ಅವನು ಬಂದಂತೆ ಕ್ಯಾಮೆರಾವನ್ನೂ ಅವನ ಜೊತೆಗೇ ತಿರುಗಿಸುತ್ತ ಒತ್ತಿದಳು. ಒಂದೇ ಒಂದು ಸಲ.

ಅವಳ ಬದುಕಿನಲ್ಲೇ ಅಂಥ ಚಿತ್ರ ಬಂದಿರಲಿಲ್ಲ. ಜನ, ಗೋಡೆ, ರಸ್ತೆ ಎಲ್ಲವೂ ಗಾಳಿಯಾಗಿ ಹರಿದುಹೋಗಿತ್ತು. ನಡುವೆ ಅವನ ಮುಖ ಮಾತ್ರ ಕಣ್ಣಿನ ರೆಪ್ಪೆಯ ಸಮೇತ ನಿಚ್ಚಳ. ಎಡಹುಬ್ಬು ಮೇಲೆ. ಆ ಹೊತ್ತಿನಲ್ಲೂ, ಅಷ್ಟು ದೊಡ್ಡದು ಕೈಗೆ ಸಿಗುವ ಹೊತ್ತಿನಲ್ಲೂ, ಅವಳನ್ನೇ ನೋಡಿ ನಕ್ಕಿದ್ದ.

ಇಬ್ಬರೂ ಒಟ್ಟಿಗೇ ಗೆರೆ ದಾಟಿದ್ದರಿಂದ ದೋನ್ ಎವೆಲಿಯೊ ಕನ್ನಡಕ ಏರಿಸಿ, ಇಳಿಸಿ ಫೋಟೋ ನೋಡಿದ. "ಇದ್ರಲ್ಲಿ ಯೇಸಿದ್ ಚಕ್ರ ಮುಂದಿದೆ, ಸರಿ. ಆದ್ರೆ ಇದು ಗೆರೆಗಿಂತ ಮುಂಚೆಯೋ, ಆಮೇಲೋ? ಗೆರೆ ಎಲ್ಲಿ ಮಗಳೇ?"

ಗೆರೆ ಇರಲಿಲ್ಲ. ಸುಣ್ಣದ ಆ ಬಿಳಿ ಪಟ್ಟಿ ರಸ್ತೆಯ ಜೊತೆಗೇ ಹಿಂಜಿಹೋಗಿ, ಎಲ್ಲಿ ಶುರು, ಎಲ್ಲಿ ಕೊನೆ ಎಂದು ಗೊತ್ತಾಗದ ಮಂಜಾಗಿತ್ತು.

"ಇನ್ನೊಂದು ಫೋಟೋ?"

"ಇಲ್ಲ," ಎಂದಳು.

ಮುದುಕ ತನಗೆ ಕಂಡಷ್ಟನ್ನು ನಂಬಿದ. ಗೆಲುವು ಡೂಬರ್‌ಗೆ.

ಎಲ್ಲರೂ ಹೋದ ಮೇಲೆ ಯೇಸಿದ್ ಬಂದ. ಸೈಕಲ್ಲಿಗೆ ಒರಗಿ ನಿಂತ, ಫೋಟೋ ತೋರಿಸಿ ಎಂದ, ಬಹಳ ಹೊತ್ತು ನೋಡಿದ.

"ಚೆನ್ನಾಗಿದೆ," ಎಂದ.

"ನೀವೇ ಕೇಳಿದ್ರಿ..."

"ಇವತ್ತೇ ಕೊಡಿ ಅಂದಿದ್ನಾ?" ಅವನು ಕಿರುಚಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. "ಕಡ್ಡಿ ಎಣಿಸೋ ಹಂಗೆ ತೆಗೆಯೋಕೆ ನಿಮ್ಮನ್ನ ಬಿಟ್ರೆ ಇನ್ಯಾರೂ ಇಲ್ಲ. ಇವತ್ತೊಂದಿನ ಯಾಕೆ ತಪ್ಪಿತು? ಒಂದೇ ಮಾತು ಕೇಳ್ತೀನಿ. ನಾನು ಹೋಗಬಾರದು ಅಂತ ನಿಮ್ಮ ಮನಸ್ಸಲ್ಲಿ ಇತ್ತಾ?"

ಸುಳ್ಳು ಹೇಳಬಹುದಿತ್ತು. ಪ್ರೀತಿಸಿದವನಿಗೆ ಆ ಹೊತ್ತಿನಲ್ಲಿ ಸುಳ್ಳು ಹೇಳಲಾಗದ ಹೆಂಗಸು ಅವಳು, ಅದೇ ದರಿದ್ರ.

"ಇತ್ತು. ಆದ್ರೆ ಅದಕ್ಕೇ ತೆಗೆದಿದ್ದಲ್ಲ. ನನಗೆ ನೀವಂದ್ರೆ ಪ್ರಾಣ, ಯೇಸಿದ್. ನಿಮ್ಮ ಮುಖ ನೋಡ್ತಾ ಎಲ್ಲಾ ಮರೆತುಹೋಯ್ತು."

"ಅದಕ್ಕೇ ಅಲ್ಲ ಅಂತ ನಿಮಗೆ ಖಂಡಿತಾ ಗೊತ್ತಾ?"

ಅವಳಿಗೆ ಖಂಡಿತವಾಗಿ ಗೊತ್ತಿರಲಿಲ್ಲ, ಅದೇ ಅವಳನ್ನು ಸುಡುತ್ತಿದ್ದದ್ದು. ಇನ್ನೊಂದು ಮಾತು ನಾಲಿಗೆಯ ತುದಿಯಲ್ಲಿತ್ತು. ತಲೆ ತಗ್ಗಿಸಿ ಗೆರೆ ನೋಡಿದ್ದರೆ ಫೋಟೋ ಬೇಕಾಗುತ್ತಲೇ ಇರಲಿಲ್ಲ, ನೀವ್ಯಾಕೆ ನನ್ನನ್ನು ನೋಡಿದಿರಿ? ಅದನ್ನು ಅವಳು ನುಂಗಿಕೊಂಡಳು. ಅವನ ಪ್ರೀತಿಯನ್ನೇ ಅವನ ತಪ್ಪೆಂದು ತೋರಿಸಿ ತಾನು ಉಳಿದುಕೊಳ್ಳುವುದು ಬೇಡವೆನಿಸಿತು. ಅವನಿಗೂ ಗೊತ್ತಿತ್ತೋ ಏನೋ. ಫೋಟೋವನ್ನು ಇನ್ನೊಮ್ಮೆ ನೋಡದೆ ಕ್ಯಾಮೆರಾ ವಾಪಸು ಕೊಟ್ಟ.

"ನೀವು ಚೆನ್ನಾಗಿರಿ," ಎಂದ. ಅದೇ 'ನೀವು'. ಈಗ ಅದು ದಾರಿಹೋಕರನ್ನು ಮಾತಾಡಿಸುವ 'ನೀವು' ಆಗಿತ್ತು.

ಪತ್ರಿಕೆಯವರು ಆ ಚಿತ್ರವನ್ನು ಮುಖಪುಟಕ್ಕೆ ಕೇಳಿದರು. ಅವಳು ಕೊಡಲಿಲ್ಲ.

ಮರುವರ್ಷ ಅವನು ವಾರವೆಲ್ಲ ಲಾರಿ ಓಡಿಸಿ ಭಾನುವಾರ ಮಾತ್ರ ರೇಸಿಗೆ ಬರುತ್ತಿದ್ದ. ಆ ದಿನ ಕಣ್ಣು ಬಿಡಲಾಗದ ಬಿಸಿಲು. ನೂಬಿಯಾ ಗೆರೆಯ ಪಕ್ಕ ಮೊಣಕಾಲೂರಿ ಎರಡು ಸಾವಿರಕ್ಕೆ ಹೊಂದಿಸಿ, ಮುಖಕ್ಕಲ್ಲ, ಸುಣ್ಣದ ಗೆರೆಗೆ ಬೆಳಕು ಅಳೆದಳು. ಮೂವರು ಒಟ್ಟಿಗೆ ನುಗ್ಗಿ ಬಂದರು.

"ಇದಪ್ಪಾ ಫೋಟೋ ಅಂದ್ರೆ!" ದೋನ್ ಎವೆಲಿಯೊ ತೊಡೆ ತಟ್ಟಿದ. "ಒಂದು ಬೆರಳಗಲ ಮುಂದೆ, ನಮ್ಮ ಯೇಸಿದ್. ಅನುಮಾನವೇ ಇಲ್ಲ."

ಚಕ್ರದ ಕಡ್ಡಿ ಒಂದೊಂದೂ ಎಣಿಸಬಹುದಿತ್ತು. ಗೋಡೆಗೆ ಒರಗಿಸಿಟ್ಟ ಹಾಗೆ ಸೈಕಲ್ ನಿಂತಿತ್ತು. ನೂಬಿಯಾ ಚಿತ್ರವನ್ನು ದೊಡ್ಡದು ಮಾಡಿ, ಹೆಲ್ಮೆಟ್ಟಿನ ಕಪ್ಪು ನೆರಳಿನಲ್ಲಿ ಅವನ ಕಣ್ಣುಗಳನ್ನು ಹುಡುಕಿದಳು.

ಅವು ಗೆರೆಯನ್ನು ನೋಡುತ್ತಿದ್ದವು.