ಬೋರ್ಡಿನ ಬೆನ್ನಿಗೆ ಕಪ್ಪು ತಂತಿ

ತನ್ನ ಬೋರ್ಡನ್ನು ಯಾರು ಮುಟ್ಟಿದ್ದಾರೆ? ಅವಳೇ? ಅಥವಾ ಅವಳಿಗಾಗಿ ಅವನೇ?

ವಾಸುದೇವ ಮೀಟರನ್ನೇ ದಿಟ್ಟಿಸಿದ. ಬೋರ್ಡಿನ ತುಂಬ ಅಡ್ಡ ತಂತಿ, ಉದ್ದ ತಂತಿ, ಅವು ಕೂಡುವಲ್ಲೆಲ್ಲ ಸೊನ್ನೆಯನ್ನೋ ಒಂದನ್ನೋ ಹಿಡಿದಿಡುವ ಒಂದೊಂದು ನೆನಪಿನ ಚುಕ್ಕೆ. ಎಂ.ಟೆಕ್. ಕೊನೆಯ ವರ್ಷದುದ್ದಕ್ಕೂ ಆ ಒತ್ತೊತ್ತಾದ ಜಾಲ ಅವನಿಗೆ ಸುಳ್ಳನ್ನೇ ಹೇಳಿತ್ತು. ಒಂದು ಚುಕ್ಕೆಯನ್ನು ಓದಹೋದರೆ ಕರೆಂಟು ಪಕ್ಕದವುಗಳ ಮೂಲಕ ಕಳ್ಳದಾರಿ ಹಿಡಿದು, ಸೊನ್ನೆಯನ್ನೂ ಒಂದೆಂದು ತೋರಿಸುತ್ತಿತ್ತು. ಇವತ್ತು ಸೋರಿಕೆಯೇ ಇಲ್ಲವೆನ್ನುವಷ್ಟು ಕಡಿಮೆ. ಬೋರ್ಡಿನ ಬೆನ್ನಿಗೆ ಅವನು ಹಾಕದ ಕಪ್ಪು ತಂತಿಗಳಿದ್ದವು.

ನಿನ್ನೆ ಲ್ಯಾಬಿನಲ್ಲಿ ಅವನ ಸಹಪಾಠಿಗಳಾದ ಜಯದೇವಿ, ಅಣವೀರಪ್ಪ ಇಬ್ಬರೇ ಇದ್ದರು. ನಗುತ್ತಿದ್ದರು. ಇವನು ಬಾಗಿಲಿಗೆ ಬಂದದ್ದೇ ತಡ, ನಗು ನಿಂತಿತು. ಜಯದೇವಿ ಬಲಗೈಯನ್ನು ಓಢಣಿಯೊಳಗೆ ಮುಚ್ಚಿಕೊಂಡಳು. ಅವಳ ಕಣ್ಣಂಚು ಮಾತ್ರ ಇನ್ನೂ ನಗುತ್ತಿತ್ತು. ಯಾರನ್ನು ನೋಡಿ?

ತಡೆಯಲಾಗಲಿಲ್ಲ. ಕಲಬುರಗಿಯಿಂದ ಬಸ್ಸು ಹಿಡಿದು ಅವಳ ಊರು ಕಮಲಾಪುರಕ್ಕೇ ಹೋದ. ಬೆಳಿಗ್ಗೆಯಷ್ಟೇ ರಜೆಗೆ ಬಂದಿದ್ದ ಜಯದೇವಿ ಸಂತೆಯಲ್ಲಿ ತಂದೆಯ ಕೆಂಪು ಬಾಳೆಹಣ್ಣಿನ ಗಾಡಿಯ ಹತ್ತಿರ ಸಿಕ್ಕಳು.

"ಅಯ್ಯ, ನೀವ? ದಾರಿ ತಪ್ಪಿ ಬಂದ್ರೇನು?"

"ನನ್ನ ಬೋರ್ಡ್ ಯಾರು ಮುಟ್ಯಾರ?"

"ಮೊದ್ಲ ಹಣ್ಣ್ ತಿನ್ರಿ. ಪೊಲೀಸರು ಭಿ ನೀರು ಕುಡದ ಕೇಳ್ತಾರ."

"ಅಣವೀರಪ್ಪ ಯಾಕ ಇದ್ದ ಅಲ್ಲಿ?"

ಅವಳು ಬಲಗೈ ಬಿಚ್ಚಿದಳು. ತೋರುಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತ್ತು.

"ಸೋಲ್ಡರ್ ಮಾಡಾದು ಅವ ಕಲಿಸ್ದ. ನಾ ಕೈ ಸುಟ್ಕೊಂಡೆ, ಅದಕ್ಕ ನಕ್ಕ. ಓದಲಾರದ ತಂತಿಗೋಳನ್ನ ನೀವು ಎಲ್ಲಿಗೂ ಕಟ್ಟದ ಹಂಗ ತೇಲಾಕ ಬಿಟ್ಟಿದ್ರಿ. ಕಪ್ಪು ತಂತಿ ಹಾಕಿ ಎಲ್ಲಾ ಗ್ರೌಂಡಿಗಿ ಕಟ್ಟಿದೆ. ಕಳ್ಳದಾರಿ ಬಂದ್ ಆತು. ನೀವ ನೋಡಿ ಖುಷಿ ಪಡ್ಲಿ ಅಂತ ಸುಮ್ನಿದ್ದೆ."

"ಹೇಳಬೇಕಿತ್ತು."

"ನಿಮಗ ಹೇಳೋ ಮಾತು ಭಾಳ ಅದಾವ್ರಿ."

ಅವಳು ಹಣ್ಣು ಸುಲಿದು ಅರ್ಧ ಅವನ ಕೈಗಿಟ್ಟಳು. ಬೆರಳು ತಾಕಿತು. ಅವಳು ಹಿಂದಕ್ಕೆಳೆದುಕೊಳ್ಳಲಿಲ್ಲ.

"ನಾಳೆ ಬೀದರಿನವ್ರು ನನ್ನ ನೋಡಾಕ ಬರಾಕತ್ತಾರ. ಅವರಿಗಿ ಹೂಂ ಅನ್ನಾದಕ್ಕಿಂತ ಮೊದ್ಲ ಅಪ್ಪ ನನ್ನ ಕೇಳ್ತಾರ. ನಾ ಏನನ್ಲಿ?"

ಮರುಕ್ಷಣವೇ ಹಳೆಯ ಅನುಮಾನ ಹೆಡೆಯೆತ್ತಿತು. ಅಣವೀರಪ್ಪನನ್ನೂ ಇದನ್ನೇ ಕೇಳಿದ್ದಾಳೆಯೇ?

"ಹುಡುಗ ಏನ್ ಮಾಡ್ತಾನ?"

ಅವಳ ಕಣ್ಣಂಚಿನ ನಗು ಆರಿತು. "ಬ್ಯಾಂಕಿನಾಗ ಅದಾನಂತ."

"ಚಲೋ ಆತಲ್ಲ."

ಅವಳು ಹಣ್ಣುಗಳ ಕಡೆ ತಿರುಗಿದಳು. ಕಲಬುರಗಿಯ ಬಸ್ಸು ಬಂದಿತ್ತು, ಅವನು ಹತ್ತಿದ.

‘ಒಲ್ಲೆ ಎನ್ನು, ನಾನಿದ್ದೇನೆ’ ಎಂದು ವಾಸುದೇವ ಅವಳಿಗೆ ಎಂದೂ ಹೇಳಲಿಲ್ಲ.