ಏರಿನ ಮೇಲೆ ಹೇಳದ ಸುದ್ದಿ

"ಇನ್ನ ಎಷ್ಟ ಉಳದದರಿ?"

ಸೈಕಲ್ಲನ್ನು ರಸ್ತೆಯಂಚಿನ ಕಟ್ಟೆಗೆ ಒರಗಿಸಿ, ಕಣ್ಣೊರೆಸಿಕೊಳ್ಳುತ್ತಾ ಸುವರ್ಣಾ ಕೇಳಿದ್ದು ಇದೊಂದೇ ಪ್ರಶ್ನೆ. ಕೇಳಿದ್ದು, ಹಿಂದಿನಿಂದ ಸಾವಕಾಶವಾಗಿ ಸೈಕಲ್ ತುಳಿಯುತ್ತಾ ಬಂದ ಅಪರಿಚಿತನನ್ನು.

ತುಳಜಾಪುರದ ಘಾಟು, ಗುಡ್ಡದ ಏರುರಸ್ತೆ. ಬೇಸಿಗೆಯ ಒಂದು ಭಾನುವಾರದ ಬೆಳಗು. ಸೊಲ್ಲಾಪುರದಿಂದ ಒಟ್ಟಿಗೆ ಹೊರಟಿದ್ದ ಸೈಕಲ್ ಗುಂಪಿನವರೆಲ್ಲ ಆಗಲೇ ಮೇಲೆ ಮುಟ್ಟಿ ಚಹಾ ಕುಡಿಯುತ್ತಿದ್ದರು. ಇವಳೊಬ್ಬಳು ಅರ್ಧಕ್ಕೇ ಕಾಲು ಊರಿದ್ದಳು. ಇದು ಸತತ ಮೂರನೆಯ ಭಾನುವಾರ!

ಅವನು ನಿಂತ. ಹೆಸರು ಸಿದ್ಧರಾಮ. ಎಲ್ಲರಿಗಿಂತ ಹಿಂದೆ ಬಂದು, ದಾರಿಯಲ್ಲಿ ಯಾರೂ ಉಳಿಯದಂತೆ ನೋಡಿಕೊಳ್ಳುವ ಕೆಲಸ ಆ ದಿನ ಅವನ ಪಾಲಿಗೆ ಬಂದಿತ್ತು.

"ಅದನ್ನ ಹೇಳೂದಿಲ್ಲರಿ ಮ್ಯಾಡಮ್," ಅಂದ. "ಏರಿನ ಮ್ಯಾಲ ಇದ್ದವರಿಗೆ ನಾವು ಯಾವ ಸುದ್ದೀನೂ ಹೇಳೂದಿಲ್ಲ. ಎಷ್ಟ ಉಳದದ, ಎಷ್ಟ ಹೊತ್ತಾತು, ಮುಂದ ಯಾರ ಅದಾರ... ಏನೂ ಇಲ್ಲ. ಕೇಳಿದ್ರ ಮನಸ್ಸು ಲೆಕ್ಕಕ್ಕ ಬೀಳ್ತದ. ಕಾಲು ಸೋಲೂಕಿಂತ ಮೊದಲ ಅದ ಕೆಳಗ ಇಳೀತದ."

"ನಾ ಇಲ್ಲಿ ಅಳಾಕತ್ತೀನಿ, ನೀವು ನೇಮ ಹೇಳಾಕತ್ತೀರಿ."

"ಅಳ್ಕೋತ ಹತ್ರಿ. ಬ್ಯಾಡ ಅಂದವರು ಯಾರು?"

ಎಂಥ ಕಲ್ಲೆದೆಯ ಮನುಷ್ಯ ಇವನು...

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಸೈಕಲ್ ಏರಿದಳು. ಅವನು ಒಂದು ಗಾಲಿಯಷ್ಟು ಹಿಂದೆ ಉಳಿದು, ತುದಿ ನೋಡಬೇಡಿ ಎಂದ. ಕಣ್ಣಿಗೆ ಕಾಣುವ ಮೊದಲ ಬೇವಿನ ಮರ ಎಷ್ಟು ದೂರವೋ, ಘಾಟು ಅಷ್ಟೇ ಎಂದುಕೊಳ್ಳಲು ಹೇಳಿದ. ಮರ ದಾಟಿದ ಮೇಲೆ ಒಂದು ಮೈಲಿಗಲ್ಲು. ಕಲ್ಲು ದಾಟಿದ ಮೇಲೆ ಇನ್ನೊಂದು ಮರ. ಹೀಗೆ ಮರ, ಕಲ್ಲು ಎನ್ನುತ್ತಾ ಸುವರ್ಣಾ ಮೇಲೆ ಮುಟ್ಟಿದಾಗ ಅವಳಿಗೇ ನಂಬಿಕೆ ಬರಲಿಲ್ಲ.

ಆದರೆ ನಡುವೆ ಒಮ್ಮೆ ಕಾಲು ಊರಿದ್ದು ಊರಿದ್ದೇ. ಅದು ಪೂರಾ ಏರಿದ ಲೆಕ್ಕವಲ್ಲ.

ಪೂರಾ ಏರುವುದು ಅವಳಿಗೆ ಯಾಕೆ ಅಷ್ಟು ದೊಡ್ಡದಾಗಿತ್ತು ಅಂತೀರಾ? ಹೇಳುತ್ತೇನೆ.

ಸುವರ್ಣಾಳಿಗೆ ಮೂವತ್ತೊಂದು. ಊರು ಮೈಂದರ್ಗಿ, ಕೆಲಸ ಸೊಲ್ಲಾಪುರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ. ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ಸೊಲ್ಲಾಪುರದ ಮನೆಯಲ್ಲಿ ಜೊತೆಗೆ ತಾಯಿ ಸೋನಾಬಾಯಿ ಒಬ್ಬಳೇ. ಅವಳ ಎರಡೂ ಕಿಡ್ನಿ ಸೋತು, ವಾರಕ್ಕೆರಡು ಸಲ ಡಯಾಲಿಸಿಸ್. ತಾಯಿಯ ಆರೈಕೆಯಲ್ಲಿ ಮಗಳ ಬಿ.ಎಡ್. ಅರ್ಧಕ್ಕೆ ನಿಂತಿತ್ತು. ಗಟ್ಟಿಯಾದ ಸಂಬಂಧವೊಂದು, ಹುಡುಗಿಯ ಹಿಂದೆ ತಾಯಿಯೂ ಬರುತ್ತಾಳಂತೆ ಎಂದು ತಿಳಿದ ಮೇಲೆ ಮುರಿದುಬಿದ್ದಿತ್ತು.

ಸುವರ್ಣಾ ಇದಕ್ಕೆಲ್ಲ ಕಣ್ಣೀರು ಹಾಕಿದವಳಲ್ಲ. ಕೊರಗಿದ್ದು ತಾಯಿ. ನನ್ನ ದೆಸೆಯಿಂದ ನನ್ನ ಮಗಳದ್ದು ಎಲ್ಲಾ ಅರ್ಧಕ್ಕೇ ನಿಂತಿತು ಎಂದು ದಿನಕ್ಕೊಮ್ಮೆಯಾದರೂ ಅನ್ನುವಳು. ಆ ಮಾತು ಮಗಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಮುಂದಿನ ಜನವರಿಗೆ ಗುಂಪಿನವರು ಘಾಟಿನಲ್ಲಿ ಪಂದ್ಯ ಇಟ್ಟುಕೊಂಡಿದ್ದರು. ಅದರಲ್ಲಿ ಕಾಲು ಊರದೆ ಮೇಲೆ ಮುಟ್ಟಿ, 'ನೋಡವ್ವ, ಒಂದು ಪೂರಾ ಮಾಡೀನಿ' ಎಂದು ತಾಯಿಗೆ ಹೇಳಬೇಕು... ಅವಳ ಆಸೆ ಇಷ್ಟೇ.

ಆ ಬೇಸಿಗೆಯಿಂದ ಚಳಿಗಾಲದ ತನಕ ಸಿದ್ಧರಾಮ ಅವಳ ಜೊತೆ ಘಾಟು ತುಳಿದ. ಅವನು ಭಂಡಾರಕವಠೆಯವನು, ಅಕ್ಕಲಕೋಟ ರಸ್ತೆಯ ಟವೆಲ್ ಮಿಲ್ಲಿನಲ್ಲಿ ಫಿಟ್ಟರ್. ಸಣ್ಣವನಿರುವಾಗಲೇ ಹೆತ್ತವಳನ್ನು ಕಳೆದುಕೊಂಡಿದ್ದ. ಸೋನಾಬಾಯಿ ಮೊದಲ ದಿನ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಾಗ, ಯಾರ ಅಪ್ಪಣೆಯನ್ನೂ ಕೇಳದೆ ಅವಳನ್ನು ಅವ್ವಾ ಎಂದುಬಿಟ್ಟ. ಡಯಾಲಿಸಿಸ್ಸಿನ ದಿನ ಸುವರ್ಣಾಳಿಗೆ ರಜೆ ಸಿಗದಿದ್ದರೆ ಅವನೇ ಕರೆದೊಯ್ಯುತ್ತಿದ್ದ.

ಸುವರ್ಣಾ ಬಾಗಿಲ ಹಿಂದೆ ನಿಂತು ಅವರಿಬ್ಬರ ನಗು ಕೇಳಿಸಿಕೊಳ್ಳುತ್ತಿದ್ದಳು. ಇವನು ದಿನಾಲೂ ಬಂದರೆ ಎಷ್ಟು ಚಂದ... ಅಂದುಕೊಂಡು ತಾನೇ ನಾಚುತ್ತಿದ್ದಳು. ಅವನ ಎದೆಯಲ್ಲಿಯೂ ಅದೇ ಇತ್ತು. ಪಂದ್ಯ ಮುಗಿಯಲಿ, ಕೇಳಿಯೇಬಿಡುತ್ತೇನೆ ಎಂದು ಕಾಯುತ್ತಿದ್ದ.

ಪಂದ್ಯದ ದಿನ ಬಂತು.

ಏರುವವರು ಫೋನನ್ನು ಕೆಳಗೇ ಯಾರ ಕೈಯಲ್ಲಾದರೂ ಕೊಟ್ಟು ಹೋಗುವುದು ಗುಂಪಿನ ಪದ್ಧತಿ. ಸುವರ್ಣಾಳ ಫೋನು ಸಿದ್ಧರಾಮನ ಕಿಸೆಗೆ ಹೋಯಿತು. ಅವಳಿಗಾಗಿ ಅವನು ಆ ದಿನ ಪಂದ್ಯಕ್ಕೇ ಇಳಿದಿರಲಿಲ್ಲ.

ಅವಳು ಏರತೊಡಗಿ ಎಂಟು ನಿಮಿಷವಾಗಿತ್ತು, ಫೋನು ರಿಂಗಾಯಿತು. ಪಕ್ಕದ ಮನೆಯ ರಖಮಾಬಾಯಿ! ಸೋನಾಬಾಯಿಗೆ ಉಸಿರು ಸಿಗುತ್ತಿಲ್ಲ, ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇವೆ ಎಂಬ ಸುದ್ದಿ.

ಸಿದ್ಧರಾಮ ಗೆಳೆಯನ ಮೋಟಾರ್ ಸೈಕಲ್ ಕಸಿದುಕೊಂಡು ಮೇಲಕ್ಕೆ ಓಡಿಸಿದ. ಘಾಟಿನ ನಡುವೆ ಅವಳನ್ನು ಸೇರಿಕೊಂಡ. ಅವಳ ಫೋನನ್ನು ಕೈಯಲ್ಲೇ ಹಿಡಿದು ಪಕ್ಕದಲ್ಲೇ ಸ್ವಲ್ಪ ದೂರ ಹೋದ. ಅವನ ತುಟಿ ಅಲುಗಿತು. ಅವಳು ಒಮ್ಮೆ ಅವನ ಕಡೆ ನೋಡಿದಳು, ಮತ್ತೆ ರಸ್ತೆ ನೋಡಿದಳು.

ಅವನು ಏನೂ ಹೇಳದೆ ಮುಂದೆ ಹೋಗಿಬಿಟ್ಟ.

ಸುವರ್ಣಾ ಕಾಲು ಊರಲಿಲ್ಲ. ಇಪ್ಪತ್ತೆರಡು ನಿಮಿಷಕ್ಕೆ ಮೇಲೆ ಮುಟ್ಟಿದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ಸಿದ್ಧರಾಮ ಹತ್ತಿರ ಬಂದು, ಅವಳ ಸೈಕಲ್ ಹಿಡಿದುಕೊಂಡು, ಮೆಲ್ಲಗೆ ಸುದ್ದಿ ಹೇಳಿದ.

ಅವರು ಸೊಲ್ಲಾಪುರದ ಆಸ್ಪತ್ರೆ ಮುಟ್ಟುವ ಹತ್ತು ನಿಮಿಷ ಮೊದಲು ಸೋನಾಬಾಯಿ ಕಣ್ಣು ಮುಚ್ಚಿದ್ದಳು.

ಹತ್ತು ನಿಮಿಷ...

ಎಂಟನೇ ನಿಮಿಷಕ್ಕೆ ಫೋನು ಬಂತು, ಇಪ್ಪತ್ತೆರಡಕ್ಕೆ ಹೇಳಿದ. ನಡುವೆ ಹದಿನಾಲ್ಕು. ಅವಳ ಮನಸ್ಸು ಆ ಲೆಕ್ಕದಲ್ಲಿ ಬಿದ್ದು ಮೇಲೇಳಲೇ ಇಲ್ಲ.

"ನಮ್ಮವ್ವನ ಹದಿನಾಲ್ಕು ನಿಮಿಷ ನೀವು ನುಂಗಿದ್ರಿ," ಅಂದಳು, ಆಸ್ಪತ್ರೆಯ ಮೆಟ್ಟಿಲ ಮೇಲೆ. "ಮಣ್ಣಿಗೂ ಬರಬ್ಯಾಡ್ರಿ. ನನ್ನ ಮುಂದೂ ಬರಬ್ಯಾಡ್ರಿ."

ಅವನು ಕೈ ಮುಗಿದು ಪಕ್ಕಕ್ಕೆ ಸರಿದ. ಮೈಂದರ್ಗಿಯ ಹೊಲದಲ್ಲಿ ಸೋನಾಬಾಯಿಯನ್ನು ಮಣ್ಣು ಮಾಡಿದರು. ಅವನು ಬರಲಿಲ್ಲ.

ಐದು ತಿಂಗಳು ಕಳೆದವು. ಸುವರ್ಣಾ ಸೈಕಲ್ ಬಿಡಲಿಲ್ಲ, ಏರು ಬಿಟ್ಟಳು. ಅಕ್ಕಲಕೋಟ ರಸ್ತೆ ಸಪಾಟಾಗಿದೆಯೆಂದು ಭಾನುವಾರ ಅದೊಂದನ್ನೇ ತುಳಿಯುವಳು. ಸಣ್ಣ ಸೇತುವೆಯ ಏರು ಬಂದರೂ ಇಳಿದು ನಡೆಯುವಳು. ಕಾಲಲ್ಲಿ ಶಕ್ತಿ ಇತ್ತು, ಮನಸ್ಸೇ ಒಲ್ಲೆ ಅನ್ನುತ್ತಿತ್ತು. ಮಿಲ್ಲಿನ ಗೇಟು ಬಂದಾಗ ಮಾತ್ರ ತಲೆ ತಗ್ಗಿಸಿ ಜೋರಾಗಿ ತುಳಿಯುತ್ತಿದ್ದಳು.

ಒಂದು ಭಾನುವಾರ ಅದೇ ರಸ್ತೆಯ ಕುಂಭಾರಿಯಲ್ಲಿ ಯಾರೋ ಹೆಸರು ಹಿಡಿದು ಕರೆದರು. ರಖಮಾಬಾಯಿ! ಸೋನಾಬಾಯಿ ತೀರಿದ ಮೇಲೆ ಇಲ್ಲಿ ಮಗನ ಮನೆಗೆ ಬಂದು ಇದ್ದುಬಿಟ್ಟಿದ್ದಳು. ಒಳಗೆ ಕರೆದು ಕೂಡಿಸಿದಳು, ಚಹಾ ಕೊಟ್ಟಳು, ಸೋನಾಬಾಯಿಯನ್ನು ನೆನೆದು ಅತ್ತಳು. ಆಮೇಲೆ ಸಿದ್ಧರಾಮನನ್ನು ಕೇಳಿದಳು. ಸುವರ್ಣಾ ಮುಖ ತಿರುಗಿಸಿದಳು.

"ಇನ್ನ ನನ್ನ ಹೊಟ್ಯಾಗ ಇರೂದಿಲ್ಲ, ಹೇಳಿಬಿಡ್ತೀನಿ," ಅಂದಳು ರಖಮಾಬಾಯಿ. "ಆ ದಿನ ಅಂವ ನಿನಗ ಈಗಿಂದೀಗ ಹೇಳ್ತೀನಂತನ ಅಂದಿದ್ದ. ನಿಮ್ಮವ್ವ ನನ್ನ ಕೈಯಾಗಿನ ಫೋನ ಕಸ್ಕೊಂಡ್ಳು. 'ತಮ್ಮಾ, ಆಕಿಗೆ ಈಗ ಹೇಳಬ್ಯಾಡ. ಒಂದಾದ್ರೂ ಪೂರಾ ಮಾಡಲಿ' ಅಂದ್ಳು. ಆಮ್ಯಾಲ ಆಕಿಗೆ ಮಾತ ಬರಲಿಲ್ಲ."

ಸುವರ್ಣಾ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಅಂವ ಕೈ ಮುಗದು ಬ್ಯಾಡಂದ. ಸತ್ತಾಕಿ ಮ್ಯಾಲ ಮಗಳು ಸಿಟ್ಟಾಗಬಾರ್ದು, ಆ ಸಿಟ್ಟು ನನ್ನ ಮ್ಯಾಲ ಇರಲಿ ಅಂದ. ಈಗ ಘಾಟಿಗೂ ಹೋಗೂದಿಲ್ಲಂತ ಅಂವ. ಐತವಾರದ ರಜಾನೂ ಬಿಟ್ಟು ಕೆಲಸಕ್ಕ ಹೋಗ್ತಾನಂತ."

ಮಧ್ಯಾಹ್ನ ಮೂರಕ್ಕೆ ಪಾಳಿ ಬಿಟ್ಟಾಗ ಸುವರ್ಣಾ ಮಿಲ್ಲಿನ ಗೇಟಿನ ಮುಂದೆ ನಿಂತಿದ್ದಳು.

ಅವನು ಹೊರಗೆ ಬಂದ. ತಲೆಗೂದಲಿಗೆ ಹತ್ತಿಯ ಧೂಳು ಮೆತ್ತಿತ್ತು, ಮುಖ ಇಳಿದಿತ್ತು. ಅವಳನ್ನು ಕಂಡು ನಿಂತಲ್ಲೇ ನಿಂತ. ಐದು ತಿಂಗಳಲ್ಲಿ ಒಬ್ಬ ಮನುಷ್ಯ ಇಷ್ಟು ಸೊರಗುತ್ತಾನೆಯೇ...

"ರಖಮಾ ಮಾವಶಿ ಎಲ್ಲಾ ಹೇಳಿದ್ಳು," ಅಂದಳು. "ತಪ್ಪು ನಿಮ್ಮದಲ್ಲ."

"ನಂದ ಅದರಿ." ಅವನು ತಲೆ ಎತ್ತಲಿಲ್ಲ. "ಅವ್ವ ಬ್ಯಾಡ ಅನ್ನದಿದ್ರೂ ನಾ ಬಾಯಿ ಬಿಡತಿದ್ದಿಲ್ಲೇನೋ. ಗಾಡಿ ತಗೊಂಡು ಮ್ಯಾಲ ಬರೂಮುಂದ ನನ್ನ ತಲ್ಯಾಗ ಘಾಟ ಇತ್ತು. ನೀವು ಎಲ್ಲಿ ಇಳದುಬಿಡ್ತೀರೋ ಅಂತ ಅಂಜಿಕಿ ಇತ್ತು. ಏರಿನ ನೇಮ ಮನಿ ಸುದ್ದಿಗೂ ಹಚ್ಚಿದೆ. ಅದಕ್ಕ ಮಾಫಿ ಇಲ್ಲ."

ಯಾರಿಗೂ ಹೇಳದ ಮಾತೊಂದು ಸುವರ್ಣಾಳ ಎದೆಯಲ್ಲಿ ಐದು ತಿಂಗಳಿಂದ ಬೇಯುತ್ತಿತ್ತು. ರಾತ್ರಿ ಮಲಗಗೊಡದ ಮಾತು ಅದು.

"ನಾ ನಿಮ್ಮ ಮಾರಿ ನೋಡಿದ್ದೆ," ಅಂದಳು. "ಗಾಡಿ ಮ್ಯಾಲ ಬಾಜೂಕ ಬಂದ್ರಲ್ಲ, ಆವಾಗ. ನಿಮ್ಮ ಕೈಯಾಗ ನನ್ನ ಫೋನಿತ್ತು. ಅವ್ವಗ ಏನೋ ಆಗೇದಂತ ನನಗ ಅಲ್ಲೇ ಗೊತ್ತಾತು. ಕೇಳಿದ್ರ ಇಳೀಬೇಕಾಗ್ತಿತ್ತು. ಅದಕ್ಕ ಕೇಳಲಿಲ್ಲ... ತಲಿ ತಗ್ಗಿಸಿ ತುಳದೆ."

ಅವನು ಈಗ ತಲೆ ಎತ್ತಿದ.

"ಕೇಳಿದ್ರ ಹೇಳ್ತಿದ್ರೇನು?"

ಇಲ್ಲ ಅಂದಿದ್ದರೆ ಅವಳ ಭಾರ ಇಳಿಯುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಆದರೆ ಇವಳ ಮುಂದೆ ಇನ್ನೊಂದು ಸಲ ಏನನ್ನೂ ಮುಚ್ಚಿಡಲು ಅವನಿಗೆ ಮನಸ್ಸು ಬರಲಿಲ್ಲ.

"ಹೇಳ್ತಿದ್ದೆ," ಅಂದ.

ಸುವರ್ಣಾ ಅಲ್ಲೇ ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತು ಅತ್ತಳು. ತಾಯಿ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಆ ದಿನ ಸಿಟ್ಟೇ ಎಲ್ಲವನ್ನೂ ನುಂಗಿಹಾಕಿತ್ತು. ತನ್ನ ಪಾಲಿನ ತಪ್ಪನ್ನೂ ಅವನ ತಲೆಗೇ ಕಟ್ಟಿದ್ದಳು, ಅವನು ತುಟಿ ಪಿಟಕ್ಕೆನ್ನದೆ ಹೊತ್ತಿದ್ದ. ಪಾಳಿ ಬಿಟ್ಟ ಜನ ನೋಡುತ್ತಾ ಹೋದರು. ಅವಳಿಗೆ ಯಾರ ಪರಿವೆಯೂ ಇರಲಿಲ್ಲ.

ಸಿದ್ಧರಾಮ ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಅವನ ಹೆಗಲೂ ಅದುರತೊಡಗಿತು.

ಅದನ್ನು ಕಂಡಾಗಲೇ ಅವಳಿಗೆ ಹೊಳೆದದ್ದು. ಆ ದಿನ ಇವನೂ ತಾಯಿಯನ್ನು ಕಳೆದುಕೊಂಡಿದ್ದ. ಜೀವನದಲ್ಲಿ ಎರಡನೆಯ ಸಲ.

"ನಿಮಗ ಯಾರೂ ಸಮಾಧಾನ ಮಾಡಲಿಲ್ಲ," ಅಂದಳು. "ಒಂದ ಹಿಡಿ ಮಣ್ಣ ಹಾಕಾಕೂ ನಾ ಬಿಡಲಿಲ್ಲ."

ಅವನು ಅಂಗೈಯಿಂದ ಮುಖ ಒರೆಸಿಕೊಂಡ.

"ಏಳ್ರಿ. ಅಕ್ಕಲಕೋಟಿಗೆ ಬಸ್ಸದ. ಅಲ್ಲಿಂದ ಮೈಂದರ್ಗಿಗೆ ಹೋಗೂಣು. ಅವ್ವನ ಸಮಾಧಿ ಮುಂದ ಇಬ್ಬರೂ ಕುಂದ್ರೂಣು. ನಿಮಗ ಅಳೂದಿದ್ರ ಅಲ್ಲೆ ಅಳ್ರಿ. ನಾ ಇರ್ತೀನಿ."

"ಆಮ್ಯಾಲ?" ಅವನ ದನಿ ಕೇಳಿಸದಷ್ಟು ಸಣ್ಣಗಿತ್ತು.

ಸುವರ್ಣಾ ಅವನ ಕೈ ಹಿಡಿದುಕೊಂಡಳು. ಮೊದಲ ಸಲ.

"ಆಮ್ಯಾಲ ನನ್ನ ಕೂಡ ಮನಿಗೆ ಬರ್ರಿ. ನನಗ ನೀವು ಬೇಕು. ಹೋಗಂದ್ರೂ ಇನ್ನ ಹೋಗಬ್ಯಾಡ್ರಿ."

"ಹೋಗೂದಿಲ್ಲ," ಅಂದ ಸಿದ್ಧರಾಮ.