ಇನ್ನೊಂದೇ ಪೆಟ್ಟಿಗೆ

ತೀರಿಕೊಂಡು ಮೂರು ತಿಂಗಳಾಗಿದ್ದವಳು ನಿನ್ನೆಯ ತಾರೀಖು ಹಾಕಿ ಸಹಿ ಮಾಡಿದ್ದಳು.

ಪುಸ್ತಕದ ಪೆಟ್ಟಿಗೆಯ ಚೀಟಿ ಹಿಡಿದಿದ್ದ ಹೊಸ ಮ್ಯಾನೇಜರಿಗೆ ಎದೆ ಧಸಕ್ಕೆಂದಿತು. ಹಳೆಯ ಲೈಬ್ರರಿಯ ಗೋಡೆಗಳು ಬಿರುಕು ಬಿಟ್ಟಿದ್ದವು. ಅಲ್ಲಿನ ಪುಸ್ತಕಗಳನ್ನೆಲ್ಲ ರಸ್ತೆಯಾಚೆಯ ಹೊಸ ಕಟ್ಟಡಕ್ಕೆ ಸಾಗಿಸುವ ಪ್ರಾಜೆಕ್ಟು ಅವಳ ಕೈಗೆ ಬಂದದ್ದು ಆ ದಿನ ಬೆಳಿಗ್ಗೆಯೇ. ಮೊದಲು ಅದನ್ನು ನಡೆಸುತ್ತಿದ್ದವಳನ್ನು ಎಲ್ಲರೂ ‘ಅಕ್ಕ’ ಎನ್ನುತ್ತಿದ್ದರು. ಒಂದು ಸಂಜೆ ಅಕ್ಕ ಎದುರಿಗಿದ್ದ ಈ ಖಾಲಿ ಕುರ್ಚಿಯಲ್ಲೇ ಕೂತು, ಅದರ ಮುಂದಿನ ಮೇಜಿಗೆ ತಲೆಯಾನಿಸಿದವಳು ಮತ್ತೆ ಏಳಲಿಲ್ಲ. ಅವಳ ಕನ್ನಡಕ ಇನ್ನೂ ಅಲ್ಲೇ ಇತ್ತು, ಒಂದಿಷ್ಟೂ ಧೂಳಿಲ್ಲದೆ.

“ಆ ಚೀಟಿ ಅಲ್ಲೇ ಇಡಿ.”

ಬಾಗಿಲಲ್ಲಿ ಒಬ್ಬ ನಿಂತಿದ್ದ. ಎತ್ತರದ ಆಳು, ಮಡಚಿದ ಅಂಗಿಯ ತೋಳು, ಬೆರಳ ತುದಿಗಳಲ್ಲಿ ಒಣಗಿದ ಅಂಟು. ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್, ಅಕ್ಕನ ಒಡಹುಟ್ಟಿದ ತಮ್ಮ.

“ಪೆಟ್ಟಿಗೆ ಹೊರಗೆ ಹೋಗ್ಬೇಕಂದ್ರೆ ಅಕ್ಕನ ಸಹಿ ಇರ್ಲೇಬೇಕು. ಇಲ್ಲಿನ ನಿಯಮ ಅದು,” ಎಂದ.

“ಅಕ್ಕ ಬಂದು ಸಹಿ ಹಾಕ್ತಾರಾ?”

ಅವಳು ಚೀಟಿಯನ್ನು ಮತ್ತೆ ನೋಡಿದಳು. ಮೂಲೆಯಲ್ಲಿ ಅಂಟಿನ ಹೆಬ್ಬೆರಳ ಗುರುತು ಒಡೆದು ಕಾಣುತ್ತಿತ್ತು. ಅವಳು ಅವನ ಬೆರಳುಗಳನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿ ಕೈಯನ್ನು ಜೇಬಿಗೆ ಸೇರಿಸಿದ. ಬಯ್ಯಬೇಕೆಂದು ಬಾಯಿ ತೆರೆದವಳಿಗೆ ಅಯ್ಯೋ ಅನ್ನಿಸಿಬಿಟ್ಟಿತು, ಸುಮ್ಮನಾದಳು.

ಲೆಕ್ಕ ಮಾತ್ರ ಸುಮ್ಮನಿರಲಿಲ್ಲ. ಉಳಿದದ್ದು ಸಾವಿರದ ಇನ್ನೂರು ಪೆಟ್ಟಿಗೆ, ಮೂವತ್ತು ಕೆಲಸದ ದಿನ. ಮೂವತ್ತು ಮುಗಿದ ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಹಳೆಯ ಕಟ್ಟಡದ ಬೀಗದ ಕೈ ಒಪ್ಪಿಸಬೇಕು, ಆಮೇಲೆ ಒಳಗೆ ಯಾರಿಗೂ ಪ್ರವೇಶವಿಲ್ಲ. ಅಕ್ಕನ ಪದ್ಧತಿಯಲ್ಲಿ ಒಂದೊಂದು ಪುಸ್ತಕವನ್ನೂ ಮೂರು ರಿಜಿಸ್ಟರಿನಲ್ಲಿ ಬರೆದು, ಪೆಟ್ಟಿಗೆಗೆ ಮೂರು ಸಹಿ ಬಿದ್ದ ಮೇಲೆಯೇ ಸಾಗಿಸಬೇಕು. ಎಲ್ಲರೂ ರಾತ್ರಿಯವರೆಗೆ ಒದ್ದಾಡಿದರೂ ದಿನಕ್ಕೆ ಹನ್ನೆರಡು ಪೆಟ್ಟಿಗೆ ದಾಟುತ್ತಿರಲಿಲ್ಲ.

ಅವಳು ಎರಡು ದಿನ ಒಂದೂ ಪೆಟ್ಟಿಗೆ ಕದಲಿಸದೆ ಬಣ್ಣದ ಟೇಪು ಅಂಟಿಸುತ್ತಾ ಓಡಾಡಿದಳು. ಹಳೆಯ ಕಪಾಟಿಗೆ ಒಂದು ಬಣ್ಣ, ಒಂದು ನಂಬರು. ಅದರ ಪುಸ್ತಕ ಹೋಗಿ ಕೂರಬೇಕಾದ ಹೊಸ ಕಪಾಟಿಗೂ ಅದೇ ಬಣ್ಣ, ಅದೇ ನಂಬರು. ಬರೆದುಕೊಳ್ಳುವ ಗೋಜೇ ಇಲ್ಲ. ಇಪ್ಪತ್ತಕ್ಕೊಂದು ಪೆಟ್ಟಿಗೆ ಬಿಚ್ಚಿ ಪರೀಕ್ಷೆ. ಬೆಳಿಗ್ಗೆ ಹತ್ತು ನಿಮಿಷ ನಿಂತೇ ಮಾತುಕತೆ. ಐದು ಹೊಡೆದರೆ ತಲೆ ಮೇಲೆ ತಲೆ ಬಿದ್ದರೂ ಬ್ಯಾಗು ಹೆಗಲಿಗೆ. ವಾರದೊಳಗೆ ಅವಳಿಗೆ ‘ಐದು ಗಂಟೆ ಮೇಡಂ’ ಎಂಬ ಹೆಸರು ಬಿತ್ತು.

ಅವಳು ಚೀಟಿಯಿಂದ ಸಹಿಯ ಜಾಗವನ್ನೇ ತೆಗೆದುಹಾಕಿದ ದಿನ ಬೈಂಡರ್ ಸಿಡಿದ.

“ಅಕ್ಕ ಹನ್ನೊಂದು ವರ್ಷ ಈ ಪುಸ್ತಕಗಳನ್ನ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ಲು. ನೀವು ಟೇಪು ಅಂಟಿಸಿ ಅವಳನ್ನ ಅಳಿಸ್ತಾ ಇದೀರಾ.”

“ಅಕ್ಕ ತುಂಬಿಸಿ ಇಲ್ಲೇ ಉಳಿದಿದ್ದ ಐವತ್ತು ಪೆಟ್ಟಿಗೆ ಬಿಚ್ಚಿ ನೋಡ್ದೆ. ಒಂಬತ್ತರಲ್ಲಿ ತಪ್ಪಿದೆ. ರಿಜಿಸ್ಟರಿನ ಪ್ರಕಾರ ಒಂಬತ್ತೂ ಸಂಜೆ ಐದರ ಮೇಲೆ ತುಂಬಿಸಿದ್ದು.” ಅವಳ ದನಿ ಮೆತ್ತಗಾಯಿತು. “ಅವರದ್ದು ತಪ್ಪಲ್ಲ. ಸುಸ್ತಾದ ಕಣ್ಣಿಗೆ ಎಲ್ಲಾ ಪುಸ್ತಕಾನೂ ಒಂದೇ ಥರ ಕಾಣುತ್ತೆ ರೀ.”

ಅವನು ಮುಖ ತಿರುಗಿಸಿ ಹೋದ. ಮರುದಿನ ಬೆಳಿಗ್ಗೆ ನೋಡಿದರೆ, ಆ ಒಂಬತ್ತೂ ಪೆಟ್ಟಿಗೆಗಳು ಸರಿಯಾಗಿ, ಬಣ್ಣದ ಟೇಪು ಹಚ್ಚಿಕೊಂಡು ಬಾಗಿಲಲ್ಲಿ ಸಾಲಾಗಿ ನಿಂತಿದ್ದವು. ಟೇಪಿನ ಮೇಲೂ ಅಂಟಿನ ಹೆಬ್ಬೆರಳು. ಅವಳಿಗೆ ನಗು ತಡೆಯಲಾಗಲಿಲ್ಲ. ಆಚೆ ಬದಿಯ ಕಪಾಟಿನ ಸಂದಿಯಿಂದ ಅವನು ಕದ್ದು ನೋಡುತ್ತಿದ್ದ. ಕಣ್ಣು ಕಲೆತ ಕೂಡಲೇ ಕೈಲಿದ್ದ ಪುಸ್ತಕ ಓದುವವನಂತೆ ನಟಿಸಿದ.

“ಪುಸ್ತಕ ತಲೆಕೆಳಗಿದೆ,” ಎಂದಳು.

ಅವನ ಕಿವಿ ಕೆಂಪಾಯಿತು.

ದಿನಕ್ಕೆ ಹನ್ನೆರಡಿದ್ದದ್ದು ಮೂವತ್ತಾಯಿತು, ಮುಂದೆ ನಲವತ್ತೈದೂ ಆಯಿತು. ಇಪ್ಪತ್ತಕ್ಕೊಂದು ಬಿಚ್ಚಿದರೆ ತಪ್ಪು ಹುಡುಕಿದರೂ ಸಿಗದು. ಆದರೆ ಕಟ್ಟಡ ಖಾಲಿಯಾದಷ್ಟೂ ಅದರೊಳಗೆ ಅಕ್ಕ ಹೆಚ್ಚಾದಳು. ಬರಿದಾದ ಕಪಾಟುಗಳ ನಡುವೆ ಹೆಜ್ಜೆ ಹಾಕಿದರೆ ಹಿಂದಿನಿಂದ ಇನ್ನೊಂದು ಹೆಜ್ಜೆ ಕೇಳುತ್ತಿತ್ತು. ಕಿಟಕಿ ಮುಚ್ಚಿದ್ದರೂ ಆ ಮೇಜಿನ ಹತ್ತಿರ ತಣ್ಣಗಿರುತ್ತಿತ್ತು. ಕೆಲಸದವರು ಆ ಕೋಣೆಗೆ ಒಬ್ಬೊಬ್ಬರೇ ಹೋಗುವುದನ್ನು ಬಿಟ್ಟರು.

“ನೀವ್ಯಾಕೆ ಆ ಕುರ್ಚಿ ಮೇಲೆ ಕೂರಲ್ಲ?” ಬೈಂಡರ್ ಒಂದು ಮಧ್ಯಾಹ್ನ ಕೇಳಿದ. ಬಂದ ದಿನದಿಂದ ಅವಳು ಸ್ಟೂಲಿನ ಮೇಲೇ ಕೂತದ್ದನ್ನು ಅವನು ಗಮನಿಸಿದ್ದ.

“ಭಯ.”

“ಅಕ್ಕ ಕಾಣಿಸ್ಕೊಂಡ್ಲಾ?”

“ಇಲ್ಲ. ಆ ಕುರ್ಚಿ ನನಗೆ ಸರಿಯಾಗಿ ಹೊಂದಿಬಿಡುತ್ತೆ ಅಂತ ಭಯ.”

ಆಮೇಲೆ ಅವಳು ಯಾರಿಗೂ ಹೇಳದ್ದನ್ನು ಹೇಳಿದಳು. ಹಿಂದಿನ ಕೆಲಸದಲ್ಲಿ ಅವಳೂ ಅಕ್ಕನಂತೆಯೇ ಇದ್ದಳು. ಒಂದು ಮೀಟಿಂಗಿನ ನಡುವೆ ಅಮ್ಮ ಮೂರು ಸಲ ಫೋನು ಮಾಡಿದ್ದರು. ಇವಳು ಫೋನನ್ನು ಬೋರಲು ಹಾಕಿ, ಇನ್ನೊಂದೇ ವಿಷಯ ಮುಗಿಸಿ ಮಾತಾಡೋಣ ಅಂದುಕೊಂಡಳು. ಮುಗಿಸುವಷ್ಟರಲ್ಲಿ ಅಲ್ಲಿ ಅಮ್ಮನೇ ಇರಲಿಲ್ಲ.

“ಈಗ್ಲೂ ಮೇಜಿನ ಮೇಲೆ ಫೋನು ಗುಯ್ ಅಂದ್ರೆ, ಯಾರದ್ದೇ ಇರ್ಲಿ, ಓಡಿ ಹೋಗಿ ಎತ್ತುತ್ತೀನಿ,” ಎಂದಳು.

ಅವನು ಖಾಲಿ ಕುರ್ಚಿಯ ಕಡೆ ನೋಡಿದ. “ದಿನಾ ಐದು ಗಂಟೆಗೆ ಬಂದು, ‘ಅಕ್ಕ, ಹೊರಡೋಣ್ವಾ’ ಅಂತ ಕೇಳ್ತಿದ್ದೆ,” ಎಂದ. “‘ಇನ್ನೊಂದೇ ಪೆಟ್ಟಿಗೆ ಕಣೋ’ ಅನ್ನೋಳು. ಆ ದಿನಾನೂ ಅದನ್ನೇ ಅಂದ್ಲು. ಸರಿ ಅಂತ ನಾನು ಮನೆಗೆ ಹೋದೆ.” ಬೆರಳಿನ ಅಂಟನ್ನು ಕೆರೆಯತೊಡಗಿದ. “ಆ ಸಹಿ ಹಾಕಿದ್ದು ನಾನೇ. ಹಾಕ್ತಿರೋವರೆಗೂ ಅವಳಿನ್ನೂ ಕೆಲಸದಲ್ಲಿದಾಳೆ ಅನ್ನಿಸ್ತಿತ್ತು.”

“ಗೊತ್ತು.”

“ಯಾವಾಗಿಂದ?”

“ಮೊದಲ್ನೇ ದಿನದಿಂದ.”

“ಮತ್ಯಾಕೆ ಹೇಳ್ಲಿಲ್ಲ?”

“ನೀವೇ ಹೇಳ್ಲಿ ಅಂತ ಕಾಯ್ತಿದ್ದೆ.”

ಆ ದಿನ ಅವನು ಅವಳನ್ನು ನೋಡಿದ ರೀತಿಗೆ ಅವಳು ಟೇಪಿನ ಬಣ್ಣ ಮರೆತು ಕೆಂಪಿನ ಜಾಗಕ್ಕೆ ಹಸಿರು ಅಂಟಿಸಿದಳು. ಮರುದಿನ ಅವನೇ ಅದನ್ನು ಕಿತ್ತು, ಏನೂ ಅನ್ನದೆ, ತುಟಿಯಂಚಿನಲ್ಲಿ ನಗುತ್ತಾ ಕೆಂಪು ಹಚ್ಚಿದ.

ಮೂವತ್ತನೆಯ ದಿನ ಬಂತು. ಸಂಜೆ ಐದಾದಾಗ ಕೆಲಸದವರೆಲ್ಲ ಹೊರಟಿದ್ದರು. ಕಟ್ಟಡದಲ್ಲಿ ಉಳಿದದ್ದು ಆ ಮೇಜು, ಆ ಕುರ್ಚಿ, ನೆಲದ ಮೇಲೆ ಅರ್ಧ ತುಂಬಿದ ಒಂದು ಪೆಟ್ಟಿಗೆ. ಎದುರಿನ ಗೋಡೆಯ ಬಿರುಕು ಮೊದಲಿಗಿಂತ ಅಗಲವಾಗಿ ಕಾಣುತ್ತಿತ್ತು.

ಬೈಂಡರ್ ಬಾಗಿಲಲ್ಲಿ ಬಂದು ನಿಂತ. “ಹೊರಡೋಣ್ವಾ?”

ಅವಳು ಪುಸ್ತಕಗಳನ್ನು ಗಡಿಬಿಡಿಯಲ್ಲಿ ಜೋಡಿಸುತ್ತಿದ್ದಳು. ಕಾಲು ಸೋತು, ಯಾವಾಗಲೋ ತನಗೇ ಗೊತ್ತಿಲ್ಲದಂತೆ ಆ ಕುರ್ಚಿಯ ಮೇಲೆ ಕೂತಿದ್ದಳು. ತಲೆಯೆತ್ತದೆ ಅಂದಳು: “ಇನ್ನೊಂದೇ ಪೆಟ್ಟಿಗೆ. ಮುಗಿಸಿಬಿಡ್ತೀನಿ.”

ಬಾಗಿಲ ಚೌಕಟ್ಟು ಕಿರ್ ಎಂದಿತು.

ಅವಳು ತಲೆಯೆತ್ತಿದಳು. ಅವನ ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದ. ಆಗ ಅವಳಿಗೆ ತಾನು ಎಲ್ಲಿ ಕೂತಿದ್ದೇನೆ, ಏನು ಅಂದೆ ಎಂಬುದು ತಿಳಿಯಿತು. ಆ ಮಾತು ತನ್ನ ಬಾಯಿಗೆ ಎಲ್ಲಿಂದ ಬಂತೋ ಅವಳಿಗೆ ಗೊತ್ತಾಗಲಿಲ್ಲ.

ಅವನು ನಾಲ್ಕೇ ಹೆಜ್ಜೆಗೆ ಒಳಗೆ ಬಂದು ಅವಳ ಎರಡೂ ಕೈ ಹಿಡಿದು ಎಬ್ಬಿಸಿದ.

“ಆವತ್ತು ನಾನು ಸರಿ ಅಂತ ಹೊರಟುಹೋದೆ. ಇವತ್ತು ಹೋಗಲ್ಲ,” ಎಂದ. “ಪೆಟ್ಟಿಗೆ ಇಲ್ಲೇ ಕೊಳೀಲಿ, ಗೋಡೆ ಬೀಳ್ಲಿ. ನೀವು ಬನ್ನಿ. ನನಗೆ ನೀವು ಬೇಕು. ನಾಳೇನೂ ಬೇಕು, ಅದರಾಚೆ ದಿನಾನೂ ಬೇಕು. ಇನ್ನೊಬ್ಬರನ್ನ ಈ ಕುರ್ಚಿಗೆ ಕೊಡೋಕೆ ನನ್ನ ಕೈಲಿ ಆಗಲ್ಲ.”

ಅವಳ ಕಣ್ಣು ತುಂಬಿತು. ಇಷ್ಟು ದಿನ ಐದು ಗಂಟೆಗೆ ಅವಳನ್ನು ಹೊರಗೆ ಅಟ್ಟುತ್ತಿದ್ದದ್ದು ಅಮ್ಮನ ಆ ಮೂರು ಫೋನುಗಳು. ಬಾ ಎಂದು ಕರೆಯಲು ಒಬ್ಬರು ಬಂದದ್ದು ಇದೇ ಮೊದಲು.

“ಬೀಗದ ಕೈ ಕೊಡೋದು ನಾಳೆ ಹನ್ನೆರಡಕ್ಕೆ,” ಎಂದಳು, ಮೂಗು ಒರೆಸಿಕೊಳ್ಳುತ್ತಾ. “ಬೆಳಿಗ್ಗೆ ಒಂಬತ್ತಕ್ಕೆ ಬಂದ್ರೆ ಈ ಪೆಟ್ಟಿಗೆ ಇಪ್ಪತ್ತು ನಿಮಿಷದ ಕೆಲಸ.”

“ಇಬ್ಬರು ಬಂದ್ರೆ ಹತ್ತು.”

“ನೀವು ಪುಸ್ತಕ ತಲೆಕೆಳಗೆ ಹಿಡೀದೇ ಇದ್ರೆ.”

ಅವನು ನಕ್ಕ, ನಗುವಿನ ನಡುವೆಯೇ ಅತ್ತ. ಮೇಜಿನ ಮೇಲಿನ ಕನ್ನಡಕವನ್ನು ಎತ್ತಿ, ಅಂಗಿಯ ತುದಿಯಲ್ಲಿ ಒರೆಸಿ, ಮಡಚಿ ಜೇಬಿಗೆ ಹಾಕಿಕೊಂಡ. ಅವಳು ಬ್ಯಾಗನ್ನು ಹೆಗಲಿಗೇರಿಸಿದಳು. ಬಾಗಿಲ ಹತ್ತಿರ ಅವನು ತಿರುಗಿ ನಿಂತ.

“ಅಕ್ಕ, ಹೊರಡೋಣ್ವಾ?”

ಇಬ್ಬರೂ ಉಸಿರು ಬಿಗಿಹಿಡಿದು ಕೇಳಿಸಿಕೊಂಡರು. ಬರಿದಾದ ಕಪಾಟುಗಳ ಸಾಲಿನಿಂದ ‘ಇನ್ನೊಂದೇ’ ಎಂಬ ದನಿ ಬರಲಿಲ್ಲ. ಅವನು ಲೈಟು ಆರಿಸಿದ.